ಗೆರೆಯ ಮೇಲಿನ ನೀರು

ಫೆಬ್ರುವರಿ 3, ಸೋಮವಾರ

ಟೆಸ್ಟ್ ಮುಗಿಯಿತು. ಎರಡನೆಯ ವರ್ಷದ ಕೊನೆಯ ಕೆಮಿಸ್ಟ್ರಿ ಪ್ರಾಕ್ಟಿಕಲ್. ಈ ವರ್ಷ ಇನ್ನು ಆಮ್ಲವನ್ನು ಹನಿ ಹನಿಯಾಗಿ ಅಳೆದು ಬಿಡುವ ಆ ಗಾಜಿನ ಬ್ಯೂರೆಟ್ಟಿನ ಮುಖ ನೋಡಬೇಕಾಗಿಲ್ಲ ಎಂಬ ಖುಷಿಗೆ ಕ್ಯಾಂಟೀನಿನಲ್ಲಿ ಎರಡು ಲೋಟ ಚಹಾ ಕುಡಿದೆ.

ಬೆಳಿಗ್ಗೆ ಎಂಟೂವರೆಗೆ ಲ್ಯಾಬಿಗೆ ಹೋದಾಗ ಅಟೆಂಡರ್ ಮಾಮ ಒಂದು ಸ್ಟೂಲಿನ ಮೇಲೆ ತಾವು, ಇನ್ನೊಂದರ ಮೇಲೆ ತಮ್ಮ ಕಾಲು, ಹೀಗೆ ಕೂತಿದ್ದರು. ಮಂಡಿ ಬಾತುಕೊಂಡಿತ್ತು.

“ಬಾ ತಾಯಿ. ಟೆಸ್ಟಿಗೆ ಕಾರ್ಬೊನೇಟ್ ದ್ರಾವಣ ಮಾಡ್ಬೇಕು. ಎರಡು ಲೀಟರ್ ಫ್ಲಾಸ್ಕ್ ಎತ್ತಿ ಅಲ್ಲಾಡಿಸೋಕೆ ಈ ಕಾಲು ಬಿಡಲ್ಲ. ನಿನ್ನ ಕೈ ನಡುಗಲ್ಲ, ನೀನೇ ಮಾಡಿಬಿಡು.”

“ಸ್ಟೂಡೆಂಟ್ಸ್ ಮಾಡೋ ಹಾಗಿಲ್ವಲ್ಲ ಮಾಮ?”

“ಸಹಿ ನಾನು ಹಾಕ್ತೀನಿ, ನೀರು ನೀನು ಹಾಕು.”

ಹತ್ತು ಪಾಯಿಂಟ್ ಆರು ಗ್ರಾಂ ಪುಡಿ ತೂಗಿ ಫ್ಲಾಸ್ಕಿಗೆ ಸುರಿದೆ. ಫ್ಲಾಸ್ಕಿನ ಕತ್ತಿನಲ್ಲಿ ಒಂದು ಗೆರೆ ಇರುತ್ತದೆ. ನೀರು ಆ ಗೆರೆ ಮುಟ್ಟಿ ನಿಲ್ಲಬೇಕು, ವಿದ್ಯೆ ಎಂದರೆ ಅಷ್ಟೇ. ನೀರಿನ ನಳಿಕೆ ತೆರೆದು ಮಾಮನಿಗೆ ನಮ್ಮ ದೊಡ್ಡಪ್ಪನ ಕಥೆ ಶುರು ಮಾಡಿದೆ. ತರಗತಿಯಲ್ಲಿ ನನಗೆ ‘ಹರಟೆ’ ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ದೊಡ್ಡಪ್ಪ ಒಂದು ದಿನ ಬೆಳಿಗ್ಗೆ ಪಕ್ಕದ ಮನೆಯವರನ್ನು ಕೇಳದೆ ಅವರ ಏಣಿ ತಂದು ತಮ್ಮ ಮಾಡಿನ ಮೇಲೆ ಹತ್ತಿದರು. ಏಣಿಯ ಒಡೆಯ ಬಂದ, ತನ್ನ ಏಣಿ ಕಂಡ, ಹೊತ್ತುಕೊಂಡು ಹೋದ. ದೊಡ್ಡಪ್ಪ ಮೇಲೆ ಉಳಿದರು. ಕೂಗೋಣವೆಂದರೆ ಕೇಳದೆ ತಂದ ಏಣಿ. ದಾರಿಯಲ್ಲಿ ಹೋಗುವವರು “ಏನ್ ಮಾಡ್ತಿದ್ದೀರಿ?” ಎಂದರೆ “ಹೆಂಚು ಸರಿ ಮಾಡ್ತಿದ್ದೀನಿ” ಎನ್ನುತ್ತ ಇದ್ದಬದ್ದ ಹೆಂಚನ್ನೆಲ್ಲ ಎರಡೆರಡು ಸಲ ಎತ್ತಿಟ್ಟರು. ಮಾಮ ನಕ್ಕು ನಕ್ಕು ಮಂಡಿ ಹಿಡಿದುಕೊಂಡರು. “ಆಮೇಲೆ? ಇಳಿದದ್ದು ಹೇಗೆ?” ಎನ್ನುವಷ್ಟರಲ್ಲಿ ಬೆಲ್ ಆಯಿತು.

ಕಥೆಯ ರಭಸದಲ್ಲಿ ನೀರು ಎರಡು ಹನಿ ಹೆಚ್ಚಾಯಿತು. ಮೇಲಿಂದ ತೆಗೆದು ಗೆರೆಗೆ ಸರಿ ಮಾಡಿಟ್ಟೆ. ಅಷ್ಟೇ.

ಟೆಸ್ಟ್ ಎಂದಿನಂತೆ ನಡೆಯಿತು. ಮೊದಲ ಬೆಂಚಿನ ಹುಡುಗ ‘ರೇಡಿಯೋ’ಗೆ ಎದುರು ಕೂತವರ ಪುಸ್ತಕವನ್ನು ತಲೆಕೆಳಗಾಗಿ ಓದುವ ವರ ಇದೆ. ಮೇಡಂ ಶನಿವಾರ ತಮ್ಮದೇ ದ್ರಾವಣದಲ್ಲಿ ಮಾಡಿ ಬರೆದುಕೊಂಡಿದ್ದ ರೀಡಿಂಗ್ ಹತ್ತು ನಿಮಿಷದಲ್ಲಿ ಕೊನೆಯ ಬೆಂಚಿಗೂ ತಲುಪಿತು: 24.6. ಮೇಡಂಗೆ ನಾವಿಟ್ಟ ಹೆಸರು ‘ದಶಾಂಶ’. ಬ್ಯೂರೆಟ್ಟಿನಿಂದ ಕಾರ್ಬೊನೇಟ್ ದ್ರಾವಣಕ್ಕೆ ಆಮ್ಲ ಇಷ್ಟು ಮಿಲಿ ಇಳಿದಾಗ ಹಳದಿ ಹೋಗಿ ಕಿತ್ತಳೆ ಬರಬೇಕು. ಒಂದು ದಶಾಂಶ ಆಚೀಚೆಯಾದರೂ ಅವರ ಹುಬ್ಬು ಏರುತ್ತದೆ. ನನಗೆ ಮೊದಲು ಬೇರೇನೋ ಬಂದಿತ್ತು. 24.6 ಎಂದು ಬರೆದೆ. ಎಲ್ಲರೂ ಅದನ್ನೇ ಬರೆದರು.

ಇರುವೆ ಒಬ್ಬಳು ಬಿಟ್ಟು. ಇರುವೆ ನನ್ನ ಬೆಂಚಿನ ಜೊತೆಗಾತಿ. ನಡಿಗೆ, ಬರವಣಿಗೆ, ಊಟ ಎಲ್ಲ ಇರುವೆಯ ಹಾಗೆ ನಿಧಾನ, ನೇರ. ಮೂರು ಸಲ ಮಾಡಿದಳು, ಮೂರು ಸಲವೂ 23.9. ಹೊರಗೆ ಬಂದ ಮೇಲೆ ಕೇಳಿದಳು:

“ನಿನಗೆ ನಿಜವಾಗ್ಲೂ 24.6 ಬಂತೇನೇ?”

“ಹೌದು ಕಣೇ.”

“ರೇಡಿಯೋ ಹೇಳಿದ್ದಲ್ಲ. ನಿನಗೆ ಬಂದಿದ್ದು.”

“ಬಂತು ಅಂದ್ನಲ್ಲ.”

“ಹಾಗಾದ್ರೆ ನನ್ನದೇ ತಪ್ಪು” ಎಂದಳು. ಇವಳಿಗೆ ಯಾವಾಗಲೂ ಮೊದಲ ಸ್ಥಾನ. ಒಂದು ಸಲ ಆಚೀಚೆಯಾದರೆ ಆಕಾಶ ಬೀಳುವುದಿಲ್ಲ.

ಫೆಬ್ರುವರಿ 7, ಶುಕ್ರವಾರ

ಮಾರ್ಕ್ಸ್ ಪಟ್ಟಿ ಹಾಕಿದರು. ರೀಡಿಂಗಿಗೆ ಹದಿನೈದು ಅಂಕ. ಕಾಲು ಮಿಲಿ ತಪ್ಪಿದರೆ ಇಷ್ಟು ಹೋಯಿತು, ಅರ್ಧ ತಪ್ಪಿದರೆ ಇಷ್ಟು. ಅರ್ಧ ಮಿಲಿ ದಾಟಿದರೆ ಸೊನ್ನೆ. ಹದಿನೈದು ಜನರಿಗೆ ಹದಿನೈದಕ್ಕೆ ಹದಿನೈದು. ಇರುವೆಗೆ ಸೊನ್ನೆ.

ಪಕ್ಕದಲ್ಲೇ ಮುಂದಿನ ವರ್ಷದ ಆಯ್ಕೆಗಳ ನೋಟೀಸೂ ಇತ್ತು. ಕೊನೆಯ ವರ್ಷಕ್ಕೆ ಮೂರು ದಾರಿ: ಅನಾಲಿಟಿಕಲ್, ಇಂಡಸ್ಟ್ರಿಯಲ್, ಇಲ್ಲವೇ ಲ್ಯಾಬಿನ ಗೊಡವೆಯೇ ಇಲ್ಲದ ಬರೀ ಥಿಯರಿ. ಅನಾಲಿಟಿಕಲ್‌ಗೆ ನಾಲ್ಕೇ ಸೀಟು. ಅದನ್ನು ತೆಗೆದುಕೊಂಡವರು ಆರು ವಾರ ನಗರದ ನೀರು ಪರೀಕ್ಷಾ ಕೇಂದ್ರದಲ್ಲಿ ಕೆಲಸ ಕಲಿಯಬಹುದು. ಮೊದಲ ವರ್ಷ ಸೇರಿದ ದಿನದಿಂದ ಇರುವೆಯ ಬಾಯಲ್ಲಿ ಅದೊಂದೇ ಮಾತು. ಅವಳ ತಮ್ಮ ಚಿಕ್ಕವನಿದ್ದಾಗ ಬಾವಿಯ ನೀರು ಕುಡಿದು ತಿಂಗಳುಗಟ್ಟಲೆ ಮಲಗಿದ್ದನಂತೆ. ಆ ನೀರಿನಲ್ಲಿ ಏನಿತ್ತು ಎಂದು ಯಾರೂ ಹೇಳಲಿಲ್ಲವಂತೆ. “ನಾನು ಹೇಳ್ತೀನಿ” ಎನ್ನುತ್ತಾಳೆ, ಇವತ್ತಿಗೂ ಆ ನೀರು ಅಲ್ಲೇ ಕಾದು ಕೂತಿದೆಯೇನೋ ಎಂಬಂತೆ.

ಒಟ್ಟು ಅಂಕದಲ್ಲಿ ಮೊದಲಿದ್ದವಳು ಏಳಕ್ಕೆ ಇಳಿದಿದ್ದಾಳೆ. ಐದರಲ್ಲಿದ್ದ ನಾನು ನಾಲ್ಕಕ್ಕೆ ಬಂದಿದ್ದೇನೆ.

ಅವಳು ಪಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ತಿರುಗಿ, “ನಿನಗೆ ಸಿಕ್ತಲ್ಲ, ಒಳ್ಳೇದಾಯ್ತು” ಎಂದಳು. ಅವಳು ಹಾಗೆಂದದ್ದು ಮನಸಾರೆ. ಅದೇ ಕಷ್ಟ.

ಫೆಬ್ರುವರಿ 8, ಶನಿವಾರ

ಎರಡು ಹನಿ ಅಲ್ಲ. ಒಂದು ಚಮಚ ಇರಬಹುದು. ಎರಡು ಸಾವಿರ ಮಿಲಿಗೆ ಒಂದು ಚಮಚ ಯಾವ ಲೆಕ್ಕ?

ಫೆಬ್ರುವರಿ 11, ಮಂಗಳವಾರ

ಇರುವೆ ಮಧ್ಯಾಹ್ನ ಊಟ ಬಿಟ್ಟು ಲ್ಯಾಬಿನಲ್ಲಿ ಮತ್ತೆ ಮತ್ತೆ ಅದೇ ಟೈಟ್ರೇಶನ್ ಮಾಡುತ್ತಿದ್ದಾಳೆ. ಮಾಮ ಹಳೆಯ ಬಾಟಲಿಗಳಿಂದ ಏನೋ ಕೊಟ್ಟಿದ್ದಾರೆ. ಹಳದಿ ನೀರಿನ ಕೆಳಗೆ ಬಿಳಿ ಟೈಲ್ಸ್ ಇಟ್ಟು, ಕಣ್ಣು ಕಿರಿದು ಮಾಡಿ, ಒಂದೊಂದೇ ಹನಿ ಬಿಟ್ಟು, ಬಣ್ಣ ತಿರುಗಿತೇ ಎಂದು ನನ್ನನ್ನು ಕೇಳುತ್ತಾಳೆ.

“ಈಗ ಕಿತ್ತಳೆನಾ?”

“ಹೌದು.”

“ನನಗೂ ಈಗಲೇ ಕಾಣಿಸ್ತು. ಆದ್ರೆ ಅವತ್ತು ನನಗೆ ಬೇಗ ಕಾಣಿಸಿತ್ತಲ್ವಾ. ಮುಕ್ಕಾಲು ಮಿಲಿ ಮೊದಲೇ.”

“ಅವತ್ತು ಗಾಬರಿ ಇರ್ಬಹುದು.”

“ನಾನು ಗಾಬರಿ ಆಗಿರಲಿಲ್ಲ ಕಣೇ.”

ಅವಳ ಚೀಲವನ್ನು ಬಸ್ ಸ್ಟಾಪಿನವರೆಗೆ ನಾನೇ ಹೊತ್ತುಕೊಂಡು ಹೋದೆ. ಯಾಕೆ ಎಂದು ಕೇಳಿದಳು. ಭಾರ ಇದೆಯಲ್ಲ ಎಂದೆ. ಅದರಲ್ಲಿ ಒಂದು ನೋಟ್‌ಬುಕ್ಕು, ಒಂದು ಬಾಚಣಿಗೆ ಇತ್ತು.

ಫೆಬ್ರುವರಿ 13, ಗುರುವಾರ

ಇವತ್ತಿನದನ್ನು ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ.

ಇರುವೆ ಕಣ್ಣು ತೋರಿಸಲು ಕನ್ನಡಕದ ಅಂಗಡಿಗೆ ಹೋದಳು. ಜೊತೆಗೆ ಬಾ ಎಂದಳು, ಹೋದೆ. ಬಸ್ ಸ್ಟಾಪಿನ ಎದುರಿನ ಚಿಕ್ಕ ಅಂಗಡಿ. ಗೋಡೆಯ ತುಂಬ ಖಾಲಿ ಫ್ರೇಮುಗಳು, ಎಲ್ಲವೂ ನನ್ನನ್ನೇ ನೋಡುತ್ತಿದ್ದವು. ಕನ್ನಡಕದವರು ಅಕ್ಷರ ಓದಿಸಿದರು. ಆಮೇಲೆ ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಒಂದು ಪುಸ್ತಕ ತೆಗೆದರು. ಇರುವೆ ಎಲ್ಲವನ್ನೂ ಪಟಪಟನೆ ಹೇಳಿದಳು. ಅದರಲ್ಲಿ ಒಂದು ನನಗೇ ತಿಳಿಯಲಿಲ್ಲ.

“ನಿನ್ನಂಥ ಕಣ್ಣಿನವರು ಹೆಚ್ಚಾದ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ಬೇಕಮ್ಮ” ಎಂದರು ಕನ್ನಡಕದವರು.

ಅವಳು ನಗಲಿಲ್ಲ. “ಹಳದಿ ಕಿತ್ತಳೆ ಆಗೋದು ತಿಳಿಯುತ್ತಾ ಅಂತ ಇನ್ನೊಂದ್ಸಲ ನೋಡಿ ಸಾರ್.”

ನೋಡಿದರು. ತಿಳಿಯುತ್ತದೆ ಎಂದರು.

“ಹಾಗಾದ್ರೆ ನನ್ನಲ್ಲಿ ಏನು ತಪ್ಪಿದೆ?”

“ಏನೂ ಇಲ್ಲ ತಾಯಿ.”

“ಏನೋ ಇರಲೇಬೇಕು ಸಾರ್. ಹದಿನೈದು ಜನಕ್ಕೆ ಕಂಡದ್ದು ನನಗೊಬ್ಬಳಿಗೆ ಕಾಣಲಿಲ್ಲ.”

ಕನ್ನಡಕದವರು ನನ್ನ ಕಡೆ ನೋಡಿದರು, ನೀನಾದರೂ ಹೇಳು ಎಂಬಂತೆ. ನಾನು ಸ್ಟೂಲಿನ ಮೇಲೆ ಕೂತು ಫ್ರೇಮು ಎಣಿಸುತ್ತಿದ್ದೆ. ಮೂರು ಗೋಡೆಗೆ ನೂರ ಹನ್ನೆರಡು. ದಿನಕ್ಕೆ ಮೂರು ಜನರ ಪಾಲಿನ ಮಾತು ಆಡುವವಳು ನಾನು.

ಹೊರಗೆ ಬಂದ ಮೇಲೆ ಅವಳು ಮೆಲ್ಲಗೆ ಹೇಳಿದಳು: “ಬರೀ ಥಿಯರಿ ಬರೆದುಬಿಡ್ತೀನಿ ಕಣೇ ಫಾರ್ಮಿನಲ್ಲಿ. ನನ್ನ ಕಣ್ಣನ್ನ ನಾನೇ ನಂಬದ ಮೇಲೆ ಲ್ಯಾಬಿನಲ್ಲಿ ಏನು ಕೆಲಸ? ನಾಳೆ ಯಾರದ್ದೋ ಬಾವಿ ನೀರು ಚೆನ್ನಾಗಿದೆ ಅಂತ ಬರೆದುಕೊಟ್ಟು...”

ಫಾರ್ಮು ಕೊಡಲು ಇಪ್ಪತ್ತೆಂಟು ಕೊನೆಯ ದಿನ.

ಚಮಚ ಅಲ್ಲ. ಅರ್ಧ ಲೋಟ ಅನ್ನಬಹುದು.

ಫೆಬ್ರುವರಿ 16, ಭಾನುವಾರ

ಅಪ್ಪ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಇಪ್ಪತ್ತೆರಡು ವರ್ಷದಿಂದ ಬೆಳಗಿನ ಜಾವ ಎದ್ದು, ಬಂದ ಪ್ರತಿ ಕ್ಯಾನಿಗೂ ಆ ಗಾಜಿನ ಕೊಳವೆ ಇಳಿಬಿಟ್ಟು, ಗಟ್ಟಿಯೋ ತೆಳುವೋ ಎಂದು ಹೇಳುವ ಕೆಲಸ. ನನಗೆ ಕೆಮಿಸ್ಟ್ರಿ ಹುಚ್ಚು ಹಿಡಿಸಿದ್ದೂ ಆ ಕೊಳವೆಯೇ.

ಊಟಕ್ಕೆ ಕೂತಾಗ ಕೇಳಿದೆ: “ಅಪ್ಪಾ, ಒಂದು ಕ್ಯಾನಿಗೆ ನೀರು ಜಾಸ್ತಿ ಬಿತ್ತು ಅನ್ಕೋ. ಚೆನ್ನಾಗಿ ಬೆರೆತೂ ಹೋಯ್ತು. ಆಮೇಲೆ ಮೇಲಿಂದ ಅಷ್ಟು ಚೆಲ್ಲಿ ಅಳತೆಗೆ ತಂದ್ರೆ?”

ಅಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡೇ ನಕ್ಕರು. “ಕಾಲೇಜಿಗೆ ಹೋಗೋಳು ಕೇಳೋ ಪ್ರಶ್ನೆನಾ ಇದು? ಚೆಲ್ಲಿದ್ರೆ ಅಳತೆ ಕಮ್ಮಿ ಆಗುತ್ತೆ. ಹಾಲು ಗಟ್ಟಿ ಆಗುತ್ತೇನೇ?”

“ಯಾರ ಹಾಲಿಗೆ ನೀರು ಬಿತ್ತೇ?” ಎಂದಳು ಅಮ್ಮ, ತಟ್ಟೆಯಿಂದ ತಲೆ ಎತ್ತದೆ.

“ಯಾರದ್ದೂ ಇಲ್ಲ. ಪರೀಕ್ಷೆಗೆ ಬರುತ್ತೆ.”

ಅಪ್ಪನಿಗೆ ಹುರುಪು ಬಂತು. “ನೀರು ಹಾಕಿ ತರೋರಲ್ಲಿ ಎರಡು ಥರ ಮಗಾ. ಒಬ್ಬ ಬಂದವನೇ ಜಗಳ ತೆಗೀತಾನೆ, ಕೊಳವೆನೇ ಸರಿಯಿಲ್ಲ ಅಂತಾನೆ. ಅವನನ್ನ ಹಿಡಿಯೋದು ಸುಲಭ. ಇನ್ನೊಬ್ಬ ಬಹಳ ನಯ. ಮನೇಲಿ ಎಲ್ಲ ಚೆನ್ನಾಗಿದ್ದಾರಾ, ಕ್ಯಾನು ನಾನೇ ಎತ್ತಿಡ್ತೀನಿ ಬಿಡಿ, ನೀವ್ಯಾಕೆ ಕಷ್ಟಪಡ್ತೀರಿ ಅಂತಾನೆ. ಅಂಥವನ ಕ್ಯಾನಿಗೆ ನಾನು ಎರಡು ಸಲ ಕೊಳವೆ ಬಿಡ್ತೀನಿ.”

ಅಮ್ಮ ನಕ್ಕಳು. ನಾನೂ ನಕ್ಕೆ. ಈ ವಾರ ಇರುವೆಗೆ ಐದು ಸಲ ಚಹಾ ಕೊಡಿಸಿದ್ದೇನೆ. ಚೀಲ ಹೊತ್ತಿದ್ದೇನೆ. ಅವಳ ರೆಕಾರ್ಡ್ ಪುಸ್ತಕಕ್ಕೆ ಹೊದಿಕೆ ಹಾಕಿಕೊಟ್ಟಿದ್ದೇನೆ.

ಫೆಬ್ರುವರಿ 17, ಸೋಮವಾರ

ಹೇಳಲಿಲ್ಲ.

ಫೆಬ್ರುವರಿ 18, ಮಂಗಳವಾರ

ಹೇಳಲಿಲ್ಲ. ಅವಳಿಗೆ ನೆಗಡಿ ಇತ್ತು. ನೆಗಡಿಗೂ ಇದಕ್ಕೂ ಸಂಬಂಧ ಇಲ್ಲ.

ಫೆಬ್ರುವರಿ 19, ಬುಧವಾರ

ಮಾಮ ಕರೆದು ಕಥೆಯ ಕೊನೆ ಕೇಳಿದರು. “ನಿಮ್ಮ ದೊಡ್ಡಪ್ಪನ್ನ ಮಾಡಿನ ಮೇಲೆ ಕೂರಿಸಿ ಎರಡು ವಾರ ಆಯ್ತಲ್ಲೇ. ಪಾಪ, ಇಳಿಸು.”

“ಇನ್ನೊಂದಿನ ಮಾಮ.”

“ಏನಾಗಿದೆ ನಿನಗೆ? ಹರಟೆ ಅಂತಾರೆ, ಈಗ ನೋಡಿದ್ರೆ ಬಾಯಿಗೆ ಬೀಗ.”

ಸಾಮಾನು ಎತ್ತಿಡುವಾಗ ಕಪಾಟಿನ ಕೆಳಗಿನ ಹಲಗೆಯಲ್ಲಿ ಆ ಬಾಟಲಿ ಕಾಣಿಸಿತು. ಟೆಸ್ಟಿನ ದಿನ ಉಳಿದ ಕಾರ್ಬೊನೇಟ್ ದ್ರಾವಣ. ಮೇಲೆ ಚೀಟಿ, ಚೀಟಿಯ ಮೇಲೆ ತಾರೀಖು, ತಾರೀಖಿನ ಪಕ್ಕ ಮಾಮನ ಸಹಿ.

“ಇದನ್ನ ಇನ್ನೂ ಚೆಲ್ಲಿಲ್ವಾ?”

“ಸೀಟು ಹಂಚಿಕೆ ಆಗೋವರೆಗೂ ಚೆಲ್ಲಲ್ಲ. ಮೂವತ್ತೊಂದು ವರ್ಷದ ಅಭ್ಯಾಸ. ಯಾರಾದ್ರೂ ತಕರಾರು ಎತ್ತಿದ್ರೆ ಅಂತ. ಯಾರೂ ಎತ್ತಿಲ್ಲ ಇವತ್ತಿನವರೆಗೆ.” ಬಾಟಲಿಯ ಧೂಳು ಒರೆಸಿ ಮತ್ತೆ ಒಳಗಿಟ್ಟರು. ಜೂನಿಗೆ ಅವರಿಗೆ ನಿವೃತ್ತಿ.

ನಾನು ಹೇಳಿದರೆ ಮೊದಲು ಏಟು ಬೀಳುವುದು ಆ ಸಹಿಗೆ. ಅದಕ್ಕೇ ಸುಮ್ಮನಿದ್ದೇನೆ, ಮಾಮನಿಗಾಗಿ, ಎಂದು ಬರೆಯಲು ಹೊರಟಿದ್ದೆ. ಬರೆದು ನೋಡಿದರೆ ಚೆನ್ನಾಗಿ ಕಾಣುತ್ತಿದೆ. ಆದರೆ ಮೂರರಿಂದ ಹದಿನೆಂಟರವರೆಗೆ ನಾನು ಮಾಮನ ನಿವೃತ್ತಿಯನ್ನು ಒಮ್ಮೆಯೂ ನೆನೆದಿರಲಿಲ್ಲ.

ಫೆಬ್ರುವರಿ 21, ಶುಕ್ರವಾರ

ಮಧ್ಯಾಹ್ನ ಒಂದು ಹತ್ತು. ಮಾಮ ಊಟಕ್ಕೆ ಹೋಗಿದ್ದರು. ಅದೇ ಫ್ಲಾಸ್ಕ್ ತೆಗೆದೆ. ಗುರುತಿಗೆಂದು ಅದರ ಕತ್ತಿನಲ್ಲಿ, ಗೆರೆಗಿಂತ ಮೇಲೆ, ಮಾಮ ಕೆಂಪು ಬಣ್ಣದಲ್ಲಿ 7 ಎಂದು ಬರೆದಿದ್ದಾರೆ. ಮೂರನೆಯ ತಾರೀಖು ನಾನು ಅಲ್ಲಾಡಿಸಿ ಮುಗಿಸಿ ಮೇಜಿನ ಮೇಲೆ ಇಟ್ಟಾಗ ನೀರು ಆ ಏಳರ ತಲೆ ಮುಟ್ಟಿತ್ತು. ಇದನ್ನು ಈವರೆಗೆ ಈ ಪುಸ್ತಕದಲ್ಲಿ ಬರೆದಿರಲಿಲ್ಲ.

ಗೆರೆಯವರೆಗೆ ನಲ್ಲಿ ನೀರು ತುಂಬಿದೆ. ಅಲ್ಲಿಂದ ಏಳರ ತಲೆಯವರೆಗೆ ಅಳತೆಯ ಜಾರಿನಿಂದ ಸುರಿದೆ. ಮೂರು ಸಲ ಮಾಡಿದೆ. ಅರವತ್ತೆರಡು, ಅರವತ್ತೊಂದು, ಅರವತ್ತೆರಡು ಮಿಲಿ.

ಆ ದಿನ ಅಷ್ಟನ್ನೂ ಸಿಂಕಿಗೆ ಚೆಲ್ಲಿ ಗೆರೆಗೆ ತಂದಿಟ್ಟಿದ್ದೆ. ಯಾರು ನೋಡಿದರೂ ಸರಿಯಾಗಿ ಗೆರೆಯ ಮೇಲೆ ನಿಂತ ದ್ರಾವಣ. ಒಳಗೆ ತೆಳು.

ದ್ರಾವಣ ತೆಳುವಾದಷ್ಟೂ ಆಮ್ಲ ಕಡಿಮೆ ಸಾಕು. 24.6ನ್ನು 2000ದಿಂದ ಗುಣಿಸಿ 2062ರಿಂದ ಭಾಗಿಸಿದೆ. 23.86. ಬ್ಯೂರೆಟ್ಟಿನಲ್ಲಿ ಓದಿದರೆ 23.9.

ಆ ಇಡೀ ಲ್ಯಾಬಿನಲ್ಲಿ ಕಂಡದ್ದನ್ನು ಬರೆದವಳು ಅವಳೊಬ್ಬಳೇ. ನನ್ನ ಮೊದಲ ರೀಡಿಂಗೂ 23.9 ಬಂದಿತ್ತು. ಅದನ್ನೂ ಬರೆದಿರಲಿಲ್ಲ.

ರೆಕಾರ್ಡ್ ಪುಸ್ತಕದಲ್ಲಿ ರಬ್ಬರು ಮುಟ್ಟಬಾರದು ಎಂಬುದು ದಶಾಂಶ ಮೇಡಂ ನಿಯಮ. ತಪ್ಪಿದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಮೂರನೆಯ ತಾರೀಖಿನ ಪುಟಕ್ಕೆ ಹೋಗಿ ‘ಎರಡು ಹನಿ’ಯ ಮೇಲೆ ಒಂದು ಗೆರೆ ಎಳೆದೆ. ಚಮಚದ ಮೇಲೆ, ಅರ್ಧ ಲೋಟದ ಮೇಲೂ ಎಳೆದೆ. ಪಕ್ಕದಲ್ಲಿ 62 ಎಂದು ಬರೆದಿದ್ದೇನೆ.

ಫೆಬ್ರುವರಿ 24, ಸೋಮವಾರ

ಮೊದಲು ಮಾಮನಿಗೆ ಹೇಳಿದೆ. ಅವರು ಪಿಪೆಟ್ಟುಗಳನ್ನು ಒಂದೊಂದಾಗಿ ಒರೆಸುತ್ತ ಕೇಳಿದರು. ಬಹಳ ಹೊತ್ತು ಒಂದೇ ಪಿಪೆಟ್ಟನ್ನು ಒರೆಸಿದರು.

“ನನ್ನ ಸಹಿ ಇದೆಯಲ್ಲ” ಎಂದರು ಆಮೇಲೆ. “ನಾನೇ ಹೇಳ್ತೀನಿ ಬಿಡು, ನನ್ನ ಕೈಯಿಂದ ಹೆಚ್ಚಾಯ್ತು ಅಂತ. ನಾಲ್ಕು ತಿಂಗಳಲ್ಲಿ ಮನೆಗೆ ಹೋಗೋನು, ನನಗೇನು ಮಾಡ್ತಾರೆ? ನಿನ್ನ ಸೀಟು ಉಳಿಯುತ್ತೆ, ಆ ಹುಡುಗಿಗೆ ನ್ಯಾಯನೂ ಆಗುತ್ತೆ.”

ಆ ಮಾತು ಕೇಳಿ ಮೈ ಎಷ್ಟು ಹಗುರವಾಯಿತೆಂದರೆ, ಹೌದು ಮಾಮ ಎನ್ನಲು ಬಾಯಿ ತೆರೆದೇಬಿಟ್ಟಿದ್ದೆ. ಅವರು ಸ್ಟೂಲಿನಿಂದ ಏಳಲು ಮೇಜು ಹಿಡಿದುಕೊಂಡರು. ಮಂಡಿಯ ಬಾವು ಇನ್ನೂ ಇಳಿದಿಲ್ಲ. ಮೇಡಂ ರೂಮು ಇರುವುದು ಮಹಡಿಯಲ್ಲಿ.

“ಕೂತ್ಕೊಳ್ಳಿ ಮಾಮ. ಇಪ್ಪತ್ನಾಲ್ಕು ಮೆಟ್ಟಿಲಿದೆ” ಎಂದು ಹೇಳಿ ನಾನೇ ಹತ್ತಿದೆ.

ಮೇಡಂ ಪೇಪರ್ ತಿದ್ದುತ್ತಿದ್ದರು. ದೊಡ್ಡಪ್ಪನ ಕಥೆ, ಮಾಮನ ಮಂಡಿ, ಏನನ್ನೂ ಸೇರಿಸದೆ ಹೇಳಿದೆ. ಎರಡು ನಿಮಿಷದಲ್ಲಿ ಮುಗಿಯಿತು. ಇಷ್ಟು ಚಿಕ್ಕ ಮಾತೇ ಇದು ಎಂದು ನನಗೇ ಆಶ್ಚರ್ಯವಾಯಿತು.

“ಎಷ್ಟು ಹೆಚ್ಚಾಗಿತ್ತು?”

“ಅರವತ್ತೆರಡು ಮಿಲಿ ಮೇಡಂ.”

“ಅಂದಾಜಾ?”

“ಅಳೆದೆ. ಮೂರು ಸಲ.”

ಹುಬ್ಬು ಏರಲಿಲ್ಲ. ಪೆನ್ನು ಕೆಳಗಿಟ್ಟು, ಮಾರ್ಕ್ಸ್ ರಿಜಿಸ್ಟರ್ ತೆರೆದು, ಒಂದೇ ಅಂಕಿ ಹದಿನೈದು ಸಲ ಇದ್ದ ಆ ಪುಟವನ್ನು ನೋಡುತ್ತ ಕೂತರು.

“ಹದಿನಾರು ಜನ ಕೈಯಾರೆ ಮಾಡಿದ ಕೆಲಸದಲ್ಲಿ ಹದಿನೈದು ಉತ್ತರ ಒಂದೇ ಬಂದಿದೆ. ನನಗೆ ಅನುಮಾನ ಬರ್ಬೇಕಾಗಿತ್ತು. ಬಂತು. ಆದ್ರೆ ಬೇರೆ ಬರೆದ ಒಬ್ಬಳ ಮೇಲೆ ಬಂತು.” ರಿಜಿಸ್ಟರ್ ಮುಚ್ಚಿದರು. “ಅವತ್ತೇ ಬಂದು ಹೇಳಿದ್ರೆ ಏನಾಗ್ತಿತ್ತು ಗೊತ್ತಾ?”

“ಬೈತಿದ್ರಿ ಮೇಡಂ.”

“ಚೆಲ್ಲಿ ಇನ್ನೊಂದ್ಸಲ ಮಾಡು ಅಂತಿದ್ದೆ. ಇಪ್ಪತ್ತು ನಿಮಿಷದ ಕೆಲಸ.”

ಹಳೆಯ ಟೆಸ್ಟ್ ರದ್ದು. ಇಪ್ಪತ್ತೇಳಕ್ಕೆ ಎಲ್ಲರಿಗೂ ಮತ್ತೆ. ಅನಾಲಿಟಿಕಲ್ ಸೀಟಿಗೆ ನನ್ನ ಹೆಸರನ್ನು ಪರಿಗಣಿಸುವುದಿಲ್ಲ. ಆ ದಿನದ ದ್ರಾವಣ ನಾನೇ ಮಾಡಬೇಕು, ಮಾಮ ಮತ್ತು ಇರುವೆ ಪಕ್ಕದಲ್ಲಿ ನಿಂತು ನೋಡಬೇಕು. ಮಾಮನಿಗೆ ಏನು ಎಂದು ಕೇಳಿದೆ. “ಅವರ ಜೊತೆ ನಾನು ಮಾತಾಡ್ತೀನಿ. ಬರವಣಿಗೆಯಲ್ಲಿ ಏನೂ ಇರಲ್ಲ” ಎಂದರು. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ, “ಅವಳಿಗೆ ನಾನು ಹೇಳಲ್ಲ. ಅದು ನಿನ್ನ ಕೆಲಸ” ಎಂದರು.

ಫೆಬ್ರುವರಿ 25, ಮಂಗಳವಾರ

ಲ್ಯಾಬಿನ ಹಿಂದೆ, ತೊಳೆದ ಬಾಟಲಿಗಳನ್ನು ಬಿಸಿಲಿಗೆ ಕವುಚಿಡುವ ಮೆಟ್ಟಿಲ ಮೇಲೆ ಅವಳಿಗೆ ಹೇಳಿದೆ.

ಬೈಯಲಿಲ್ಲ. ಅಳಲಿಲ್ಲ. ಒಂದು ಬಾಟಲಿಯನ್ನು ಎತ್ತಿ ಒಳಗೆ ನೀರು ಇದೆಯೇ ಎಂದು ನೋಡಿ ಮತ್ತೆ ಕವುಚಿಟ್ಟಳು.

“ನೀರು ಹೆಚ್ಚಾಗಿದ್ದು ಬಿಡು, ಯಾರಿಗಾದ್ರೂ ಆಗುತ್ತೆ” ಎಂದಳು. “ಅವತ್ತು ನಾನು ಕೇಳ್ದೆ. ನಿನಗೆ ನಿಜವಾಗ್ಲೂ ಬಂತಾ ಅಂತ ಎರಡು ಸಲ ಕೇಳ್ದೆ.”

“ಹೌದು.”

“ಕನ್ನಡಕದ ಅಂಗಡಿಗೆ ಬಂದಿದ್ಯಲ್ಲ ನೀನು. ನನ್ನ ಪಕ್ಕದಲ್ಲೇ ಕೂತಿದ್ಯಲ್ಲ.”

ಅವಳು ಚೀಲ ತೆರೆದು, ‘ಬರೀ ಥಿಯರಿ’ ಎಂದು ಆಗಲೇ ಬರೆದಿಟ್ಟಿದ್ದ ಫಾರ್ಮು ತೆಗೆದು, ಸಮನಾಗಿ ನಾಲ್ಕು ತುಂಡು ಮಾಡಿ, ತುಂಡುಗಳನ್ನು ಚೀಲಕ್ಕೇ ಹಾಕಿಕೊಂಡಳು. ನಾನು ಅಭ್ಯಾಸಬಲದಿಂದ ಚೀಲಕ್ಕೆ ಕೈ ಚಾಚಿದೆ.

“ಬಿಡು. ಭಾರ ಇಲ್ಲ” ಎಂದು ಹೋದಳು.

ಫೆಬ್ರುವರಿ 26, ಬುಧವಾರ

ಟೆಸ್ಟ್ ಯಾಕೆ ರದ್ದಾಯಿತೆಂದು ಎಲ್ಲರಿಗೂ ಗೊತ್ತಾಗಿದೆ. ತರಗತಿಯಲ್ಲಿ ಯಾರೂ ನನ್ನೊಂದಿಗೆ ಮಾತಾಡಲಿಲ್ಲ. ರೇಡಿಯೋ ಮಾತ್ರ, “ಮನೇಲಿ ಹಾಲಿಗೆ ಹಾಕೋದು ಸಾಲದು ಅಂತ ಇಲ್ಲೂ ನೀರು ಹಾಕಿದ್ಯಾ?” ಎಂದ.

ನನ್ನನ್ನು ಏನು ಬೇಕಾದರೂ ಅನ್ನಲಿ. ಅಪ್ಪನ ಮುಖಕ್ಕೆ ಇದು ಮುಟ್ಟುತ್ತದೆ ಎಂದು ಹೊಳೆದಿರಲಿಲ್ಲ. ಮನೆಗೆ ಬಂದು ಅಪ್ಪ ಅಮ್ಮನಿಗೂ ಹೇಳಿದೆ. ಅಪ್ಪ ಕೊಳವೆ ತೊಳೆಯುತ್ತಿದ್ದವರು ನಿಲ್ಲಿಸಲಿಲ್ಲ. “ನಯವಾಗಿ ಮಾತಾಡ್ತಿದ್ದೆ ನೀನು, ಆ ಭಾನುವಾರ” ಎಂದರು, ಅಷ್ಟೇ. ಅಮ್ಮ ಆಗಲೇ ಗೊತ್ತಿದ್ದವಳಂತೆ ತಟ್ಟೆ ಹಾಕಿದಳು.

ಫೆಬ್ರುವರಿ 27, ಗುರುವಾರ

ಫಲಿತಾಂಶ ಮೊದಲು. ಆಮ್ಲ ಬೇರೆ, ಉತ್ತರ ಬೇರೆ. ಮೇಡಂ ಪುಸ್ತಕ ಮೇಡಂ ಚೀಲದೊಳಗೇ ಇತ್ತು. ಅವರದ್ದು 22.3. ಇರುವೆ: 22.3, 22.3, 22.3. ನಾನು: 22.5, 22.4, 22.5. ರೇಡಿಯೋ 26 ಎಂದು ಬರೆದು ಪಿಳಿಪಿಳಿ ನೋಡುತ್ತ ಕೂತಿದ್ದ. ಇರುವೆ ಹೊಸ ಫಾರ್ಮಿನಲ್ಲಿ ಅನಾಲಿಟಿಕಲ್ ಎಂದು ಬರೆದು, ಅಕ್ಷರ ಒಣಗುವವರೆಗೆ ಕಾದು ಪೆಟ್ಟಿಗೆಗೆ ಹಾಕಿದಳು. ಅವಳ ಹಿಂದೆ ನಿಂತು ನಾನು ಇಂಡಸ್ಟ್ರಿಯಲ್ ಎಂದು ಬರೆದು ಹಾಕಿದೆ.

ಇನ್ನು ಬೆಳಗಿನದು.

ಎಂಟೂವರೆಗೆ ಮೂವರೂ ಲ್ಯಾಬಿನಲ್ಲಿದ್ದೆವು. ಮಾಮ ಎರಡು ಸ್ಟೂಲಿನಲ್ಲಿ, ಇರುವೆ ಮೇಜಿನ ಆಚೆ ಕೈಕಟ್ಟಿ ನಿಂತು. ತೂಗಿದೆ, ಕರಗಿಸಿದೆ. ನೀರು ಕತ್ತಿನ ಬುಡಕ್ಕೆ ಬಂದಾಗ ನಳಿಕೆ ಮುಚ್ಚಿ, ಪಿಪೆಟ್ಟಿನಿಂದ ಹನಿ ಹನಿಯಾಗಿ ಬಿಡತೊಡಗಿದೆ. ಲ್ಯಾಬು ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ಮಾಮನಿಂದ ಸಹಿಸಲಾಗಲಿಲ್ಲ.

“ಈಗಲಾದ್ರೂ ಹೇಳೇ. ನಿಮ್ಮ ದೊಡ್ಡಪ್ಪ ಇಳಿದದ್ದು ಹೇಗೆ?”

“ಗೆರೆ ಮುಟ್ಲಿ ಮಾಮ.”

ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಉಸಿರು ಬಿಗಿಹಿಡಿದು ಹನಿ ಬಿಟ್ಟೆ. ಆದರೂ ಎರಡು ಹನಿ ಹೆಚ್ಚಾಯಿತು. ನೀರಿನ ತಳ ಗೆರೆಯಿಂದ ಒಂದು ಕೂದಲೆಳೆ ಮೇಲೆ ನಿಂತಿತು.

ಇರುವೆಯೂ ಬಗ್ಗಿ ನೋಡಿದಳು. “ಎರಡೇ ಹನಿ ಕಣೇ. ಎರಡು ಲೀಟರಿಗೆ ಅದು ಲೆಕ್ಕಕ್ಕೇ ಇಲ್ಲ. ಬಿಡು.” ಮಂಗಳವಾರದ ನಂತರ ಅವಳು ನನ್ನ ಜೊತೆ ಆಡಿದ ಮೊದಲ ಮಾತು.

ಫ್ಲಾಸ್ಕನ್ನು ಸಿಂಕಿಗೆ ಬಗ್ಗಿಸಿದೆ. ಎರಡು ಲೀಟರ್ ಖಾಲಿಯಾಗಲು ಸಾಕಷ್ಟು ಹೊತ್ತು ಬೇಕು. ತೊಳೆದು, ಮತ್ತೆ ಹತ್ತು ಪಾಯಿಂಟ್ ಆರು ಗ್ರಾಂ ತೂಗಿದೆ.

“ನನ್ನ ಡಬ್ಬ ಮುಗಿಸೋಕೆ ಹುಟ್ಟಿದ್ದಾಳೆ ಇವಳು” ಎಂದು ಮಾಮ ಗೊಣಗಿದರು. ಇರುವೆ ಕೈಕಟ್ಟಿದ್ದನ್ನು ಬಿಟ್ಟು, ಫ್ಲಾಸ್ಕಿನ ಹಿಂದೆ ಒಂದು ಬಿಳಿ ಕಾಗದ ಹಿಡಿದಳು, ಗೆರೆ ಚೆನ್ನಾಗಿ ಕಾಣಲಿ ಎಂದು.

ಎರಡನೆಯ ಸಲ ನೀರು ಗೆರೆಯ ಮೇಲೆ ನಿಂತಿತು. ಮುಚ್ಚಳ ಹಾಕಿ, ಅಲ್ಲಾಡಿಸಿ, ಬಾಟಲಿಗೆ ತುಂಬಿ ಚೀಟಿ ಅಂಟಿಸಿದೆ. ತಾರೀಖು ಬರೆದು ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಆಮೇಲೆ ಮಾಮನ ಕಡೆ ತಿರುಗಿದೆ.

“ಕೂಗಿದ್ರು ಮಾಮ.”

“ಯಾರು?”

“ದೊಡ್ಡಪ್ಪ. ಸಾಯಂಕಾಲ ಆಯ್ತು, ಹಸಿವಾಯ್ತು, ಎತ್ತಿಡೋಕೆ ಹೆಂಚೂ ಉಳಿಯಲಿಲ್ಲ. ನಿಮ್ಮ ಏಣಿ ಕೇಳದೆ ತಂದಿದ್ದೆ, ಇಳಿಸಿ ಅಂತ ಕೂಗಿದ್ರು. ಆ ಮನುಷ್ಯ ಬಂದು ಏಣಿ ಇಟ್ಟ, ಇಳಿದ್ರು.”

“ಅಷ್ಟೇನಾ?” ಮಾಮನ ಮುಖ ಸಣ್ಣದಾಯಿತು. “ಅಷ್ಟಕ್ಕೆ ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಕೂತಿದ್ರಾ?”

ಇರುವೆ ಬಿಳಿ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ.

“ಪರವಾಗಿಲ್ಲ ಮಾಮ” ಎಂದಳು. “ಇವಳ ಹಾಗೆ ಮೂರು ವಾರ ಕೂರಲಿಲ್ಲವಲ್ಲ.”